ರಕ್ತ ವಾಪಸ್ ಹರಿದ ಮೇಲೆ ಹೃದಯಕ್ಕೇನಾಗುತ್ತದೆ?

"ಬ್ಲಾಕ್ ತೆಗೆದಾಯ್ತಂತೆ, ಸ್ಟೆಂಟ್ ಹಾಕಿದ್ರಂತೆ, ಇನ್ನೇನೂ ಭಯ ಇಲ್ವಂತೆ." ಹೃದಯಾಘಾತವಾದವರ ಮನೆಯಲ್ಲಿ ನಾವೆಲ್ಲ ಕೇಳುವ ಮಾತು ಇದು. ಸುದ್ದಿ ಬರೆಯುವಾಗಲೂ ನಮ್ಮ ಕಥೆ ಅಲ್ಲಿಗೇ ಮುಗಿಯುತ್ತದೆ. ಆಂಬುಲೆನ್ಸ್ ಓಡಿತು, ರಕ್ತನಾಳ ತೆರೆಯಿತು, ಜೀವ ಉಳಿಯಿತು. ಹೃದಯದೊಳಗೆ ಮಾತ್ರ ಕಥೆಯ ಇನ್ನೊಂದು ಭಾಗ ಆಗ ಶುರುವಾಗಿರುತ್ತದೆ.

ನಮ್ಮ ಬ್ಯಾಚಿನ ಗೆಳೆಯನೊಬ್ಬನ ಅಪ್ಪನಿಗೆ ಅಡಿಕೆ ಕೊಯ್ಲಿನ ದಿನಗಳಲ್ಲಿ ಎದೆನೋವು ಬಂತು. ಗ್ಯಾಸ್ ಇರಬೇಕೆಂದು ಜೀರಿಗೆ ಕಷಾಯ ಕುಡಿದು ಮಲಗಿದರು. ನೋವು ಎಡಗೈಗೆ ಇಳಿದು ಮೈ ಬೆವರಿದಾಗ ಮನೆಯವರು ಜೀಪು ಹತ್ತಿಸಿದರು. ಘಾಟಿ ಇಳಿದು, ದೊಡ್ಡಾಸ್ಪತ್ರೆ ಸೇರಿ, ಆಂಜಿಯೋಪ್ಲಾಸ್ಟಿ ಆಗುವಷ್ಟರಲ್ಲಿ ಐದು ಗಂಟೆ ಕಳೆದಿತ್ತು. ನಾಳ ಚೆನ್ನಾಗಿಯೇ ತೆರೆಯಿತು. ಆದರೆ ಎಕೋ ಮಾಡಿದಾಗ ಹೃದಯದ ಪಂಪಿಂಗ್ 35 ಎಂದು ಬಂತು. ಆರೋಗ್ಯವಂತರಲ್ಲಿ ಅದು ಸಾಮಾನ್ಯವಾಗಿ 55ರ ಮೇಲಿರುತ್ತದೆ. ಈಗ ಅವರು ತೋಟಕ್ಕೆ ಇಳಿದರೆ ಮತ್ತೆ ಮನೆಗೆ ಹತ್ತಿ ಬರಲು ನಾಲ್ಕು ಕಡೆ ಕೂರಬೇಕು.

"ನಾಳ ತೆರೆದರೂ ಯಾಕೆ ಹೀಗಾಯ್ತು ಸಾರ್?" ಎಂದು ಗೆಳೆಯ ಕೇಳಿದ. "ರಕ್ತ ನಿಂತಾಗಲೇ ತುಂಬಾ ಹಾಳಾಗಿತ್ತು. ರಕ್ತ ವಾಪಸ್ ಹರಿಯುವಾಗಲೂ ಸ್ವಲ್ಪ ಹಾಳಾಗುತ್ತೆ" ಎಂದರು ಡಾಕ್ಟರು. ಆ ಎರಡನೇ ಮಾತು ನಮ್ಮ ವಾಟ್ಸಾಪ್ ಗುಂಪಿನಲ್ಲಿ ವಾರಗಟ್ಟಲೆ ಸುತ್ತಿತು. ಪ್ರಾಣ ಉಳಿಸುವ ರಕ್ತವೇ ಹಾನಿ ಮಾಡುವುದು ಹೇಗೆ? ಒಬ್ಬೊಬ್ಬರೂ ಸಿಕ್ಕಿದ್ದನ್ನು ಓದತೊಡಗಿದೆವು.

ನಮಗೆ ಅರ್ಥವಾದದ್ದು ಹೀಗೆ. ಬಹಳ ದಿನ ಹಸಿದವನಿಗೆ ಒಮ್ಮೆಲೇ ಹೊಟ್ಟೆ ತುಂಬ ಉಣಿಸಬಾರದು, ಗಂಜಿಯಿಂದ ಶುರು ಮಾಡಬೇಕು ಎಂದು ಅಜ್ಜಿಯಂದಿರು ಹೇಳುತ್ತಾರಲ್ಲ, ಹೆಚ್ಚುಕಡಿಮೆ ಹಾಗೆಯೇ. ರಕ್ತ ನಿಂತಾಗ ಹೃದಯದ ಜೀವಕೋಶದೊಳಗೆ ಆಮ್ಲ ತುಂಬುತ್ತದೆ. ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾದಲ್ಲಿ ಒಂದು ರಂಧ್ರವಿದೆ. ಆಮ್ಲ ಇರುವಷ್ಟು ಹೊತ್ತು ಅದು ಮುಚ್ಚಿರುತ್ತದೆ. ರಕ್ತ ನುಗ್ಗಿದಾಗ ಆಮ್ಲ ತೊಳೆದುಹೋಗುತ್ತದೆ, ಆಮ್ಲಜನಕದ ಉಗ್ರ ಕಣಗಳು ಹುಟ್ಟುತ್ತವೆ, ಕ್ಯಾಲ್ಸಿಯಂ ಮಿತಿಮೀರುತ್ತದೆ. ಆ ರಂಧ್ರ ತೆರೆದುಕೊಂಡು, ಉಳಿಯಬಹುದಾಗಿದ್ದ ಜೀವಕೋಶವೂ ಸಾಯುತ್ತದೆ. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಒಟ್ಟು ಹಾನಿಯ ಅರ್ಧದವರೆಗೂ ಇದರಿಂದ ಆಗಬಹುದು ಎಂದು ಕಂಡಿದೆ. ಹಾಗೆಂದು ನಾಳ ತೆರೆಯುವುದೇ ಬೇಡ ಎಂದು ಯಾರೂ ತಿಳಿಯಬಾರದು. ತೆರೆಯದಿದ್ದರೆ ಆ ಭಾಗದ ಬಹುಪಾಲು ಸಾಯುತ್ತದೆ.

ಇದನ್ನು ತಡೆಯಲು ವಿಜ್ಞಾನಿಗಳು ದಶಕಗಳಿಂದ ಒದ್ದಾಡುತ್ತಿದ್ದಾರೆ. 1986ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಮರ್ರಿ, ಜೆನ್ನಿಂಗ್ಸ್ ಮತ್ತು ರೀಮರ್ ನಾಯಿಗಳ ಹೃದಯದ ನಾಳವನ್ನು ಐದೈದು ನಿಮಿಷ, ನಾಲ್ಕು ಸಲ ಮುಚ್ಚಿ ಬಿಟ್ಟರು. ಆಮೇಲೆ 40 ನಿಮಿಷ ಪೂರ್ತಿ ಮುಚ್ಚಿದರು. ಹೀಗೆ ಮೊದಲೇ ಪಳಗಿದ ಹೃದಯಗಳಲ್ಲಿ ಹಾನಿ ಉಳಿದವುಗಳ ಕಾಲು ಭಾಗದಷ್ಟೇ ಆಗಿತ್ತು. ಆದರೆ ಹೃದಯಾಘಾತ ಹೇಳಿ ಕೇಳಿ ಬರುವುದಿಲ್ಲವಲ್ಲ! ಹಾಗಾಗಿ ಮುಂದೆ ಇನ್ನೊಂದು ಉಪಾಯ ಬಂತು. ತೋಳಿಗೆ ಬಿಪಿ ಪಟ್ಟಿ ಕಟ್ಟಿ ಐದು ನಿಮಿಷ ಬಿಗಿಯುವುದು, ಐದು ನಿಮಿಷ ಸಡಿಲಿಸುವುದು, ಹೀಗೆ ನಾಲ್ಕು ಸಲ. ಕೈಗೆ ಕೊಟ್ಟ ಪೆಟ್ಟು ಹೃದಯವನ್ನು ಎಚ್ಚರಿಸುತ್ತದೆ ಎಂಬ ನಂಬಿಕೆ. ಡೆನ್ಮಾರ್ಕಿನಲ್ಲಿ ಆಂಬುಲೆನ್ಸಿನಲ್ಲೇ ಇದನ್ನು ಮಾಡಿದಾಗ ಹೆಚ್ಚು ಸ್ನಾಯು ಉಳಿಯಿತು ಎಂದು 2010ರಲ್ಲಿ ವರದಿಯಾಯಿತು.

ಇಷ್ಟು ಓದಿದಾಗ ನಮಗೆ ಮೈ ಜುಮ್ಮೆಂದಿತ್ತು. ಬಿಪಿ ಪಟ್ಟಿ ಇಲ್ಲದ ಪ್ರಾಥಮಿಕ ಆರೋಗ್ಯ ಕೇಂದ್ರ ಯಾವುದಿದೆ? ಖರ್ಚಿಲ್ಲ, ತಜ್ಞರು ಬೇಕಿಲ್ಲ. "ಬಿಪಿ ಪಟ್ಟಿಯಲ್ಲಿದೆ ಹೃದಯದ ರಕ್ಷಣೆ" ಎಂಬ ತಲೆಬರಹವೂ ಗುಂಪಿನಲ್ಲಿ ಬಂದುಬಿಟ್ಟಿತು. ಇನ್ನೊಬ್ಬಳು ಮುಂದಕ್ಕೆ ಓದಿದಳು. ಬ್ರಿಟನ್, ಡೆನ್ಮಾರ್ಕ್, ಸ್ಪೇನ್ ಮತ್ತು ಸರ್ಬಿಯಾದ 5,401 ರೋಗಿಗಳ ದೊಡ್ಡ ಪರೀಕ್ಷೆಯ ಫಲಿತಾಂಶ 2019ರಲ್ಲಿ ಬಂದಿತ್ತು. ಒಂದು ವರ್ಷದೊಳಗೆ ಹೃದಯದ ತೊಂದರೆಯಿಂದ ಸತ್ತವರು ಅಥವಾ ಹೃದಯ ವೈಫಲ್ಯದಿಂದ ಆಸ್ಪತ್ರೆ ಸೇರಿದವರು ಪಟ್ಟಿ ಕಟ್ಟಿದವರಲ್ಲಿ ಶೇ. 9.4, ಕಟ್ಟದವರಲ್ಲಿ ಶೇ. 8.6. ಅಂದರೆ ಪ್ರಯೋಜನ ಕಾಣಲಿಲ್ಲ. ಆ ರಂಧ್ರವನ್ನು ಮುಚ್ಚಿಡಬಹುದೆಂದು ನಂಬಿದ್ದ ಸೈಕ್ಲೋಸ್ಪೋರಿನ್ ಔಷಧಿಯೂ 2015ರ ದೊಡ್ಡ ಪರೀಕ್ಷೆಯಲ್ಲಿ ಸೋತಿತ್ತು. ಪ್ರಯೋಗಾಲಯದ ಪ್ರಾಣಿಗಳು ಎಳೆಯವು, ಆರೋಗ್ಯವಂತವು. ನಮ್ಮ ರೋಗಿಗಳಿಗೆ ವಯಸ್ಸಾಗಿರುತ್ತದೆ, ಸಕ್ಕರೆ ಕಾಯಿಲೆ ಇರುತ್ತದೆ, ಹತ್ತಾರು ಮಾತ್ರೆ ನುಂಗುತ್ತಿರುತ್ತಾರೆ. ಸೋಲಿಗೆ ಇದೂ ಒಂದು ಕಾರಣ ಎನ್ನುತ್ತಾರೆ.

ಆ ಲೇಖನವನ್ನು ನಾವು ಬರೆಯಲಿಲ್ಲ. ಬರೆದಿದ್ದರೆ ಸಾವಿರಾರು ಜನ ಹಂಚುತ್ತಿದ್ದರು. ಯಾರದೋ ಮನೆಯಲ್ಲಿ ಎದೆನೋವು ಬಂದವರ ತೋಳಿಗೆ ಪಟ್ಟಿ ಕಟ್ಟಿ ನಲವತ್ತು ನಿಮಿಷ ಕಾಯುತ್ತಿದ್ದರೇನೋ. ಆ ನಲವತ್ತು ನಿಮಿಷದ ಬೆಲೆ ಈಗ ನಮಗೆ ಗೊತ್ತು.

ಸದ್ಯಕ್ಕೆ ಹೃದಯದ ಸ್ನಾಯುವನ್ನು ಖಚಿತವಾಗಿ ಉಳಿಸುವುದು ಸಮಯ ಒಂದೇ. ಎದೆನೋವು ಬಂದವರಿಗೆ ಆಸ್ಪತ್ರೆ ಮುಟ್ಟಿದ 10 ನಿಮಿಷದಲ್ಲಿ ಇಸಿಜಿ ಆಗಬೇಕು. 120 ನಿಮಿಷದೊಳಗೆ ಆಂಜಿಯೋಪ್ಲಾಸ್ಟಿ ಸಾಧ್ಯವಿಲ್ಲದಿದ್ದರೆ, ಕೊಡಬಾರದ ಕಾರಣಗಳಿಲ್ಲದವರಿಗೆ ಹೆಪ್ಪು ಕರಗಿಸುವ ಇಂಜೆಕ್ಷನ್ನನ್ನು ಹತ್ತಿರದಲ್ಲೇ ಕೊಡಬೇಕು ಎನ್ನುತ್ತವೆ ಮಾರ್ಗಸೂಚಿಗಳು. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ರಾಜ್ಯದ ತಾಲ್ಲೂಕು ಆಸ್ಪತ್ರೆಗಳಿಗೆ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಕೊಡುವ ವ್ಯವಸ್ಥೆ ಆಗಿರುವುದು ಇದಕ್ಕೇ. ಮಂಗಳೂರಿನ ಡಾ. ಪದ್ಮನಾಭ ಕಾಮತ್ ಹಳ್ಳಿ ಆಸ್ಪತ್ರೆಗಳಿಗೆ ಇಸಿಜಿ ಯಂತ್ರ ತಲುಪಿಸಿ, ವಾಟ್ಸಾಪಿನಲ್ಲೇ ಅದನ್ನು ಓದಿ ಹೇಳುವ ಏರ್ಪಾಡು ಮಾಡಿದ್ದೂ ಇದಕ್ಕೇ.

ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ಯಂತ್ರ ರಾತ್ರಿಯೂ ನಡೆಯುತ್ತದೆಯೇ, ಇಂಜೆಕ್ಷನ್ ಸ್ಟಾಕ್ ಇದೆಯೇ? ಒಮ್ಮೆ ಹೋಗಿ ಕೇಳಿ. ನಾವು ನಮ್ಮ ನಮ್ಮ ಊರುಗಳಲ್ಲಿ ಕೇಳಲು ಹೊರಟಿದ್ದೇವೆ.