ಕೂಡಿಟ್ಟ ಮಸಿ

ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ಕೇಳಿದಾಗ ಏನು ಬರೆಯಲೆಂದು ಕೆಲವು ದಿನ ಯೋಚಿಸಿದೆ. ಸಂಸ್ಥೆಯ ಸಾಧನೆಯನ್ನು ಬಣ್ಣಿಸಲು ನನಗಿಂತ ಸಮರ್ಥರಾದವರು ಅನೇಕರಿದ್ದಾರೆ. ಆದುದರಿಂದ ಉಗ್ರಾಣದ ಹೊಣೆ ಹೊತ್ತಿದ್ದ ಕಾಲದಲ್ಲಿ ನನ್ನಿಂದಾದ ಒಂದು ತಪ್ಪನ್ನೇ ಇಲ್ಲಿ ನಿವೇದಿಸಿಕೊಳ್ಳುತ್ತೇನೆ. ವಿಷಯ ಅಲ್ಪವಾದುದು. ಮುದ್ರಣದ ಮಸಿಯನ್ನು ಬಹುಕಾಲ ಇಟ್ಟರೆ ಅದು ಕೆಲಸಕ್ಕೆ ಬರುವುದೇ ಎಂಬುದಷ್ಟೇ.

2015ರಲ್ಲಿ, ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬರು ಶಾಲೆಗೆ ಒಂದು ಇಂಕ್‌ಜೆಟ್ ಪ್ರಿಂಟರನ್ನೂ ಅದಕ್ಕೆ ಹೊಂದುವ ಹನ್ನೆರಡು ಮಸಿಯ ಕಾರ್ಟ್ರಿಜ್‌ಗಳನ್ನೂ ಕಾಣಿಕೆಯಾಗಿ ಕೊಟ್ಟರು. ಅವುಗಳ ಬೆಲೆ ಕೇಳಿ ನನಗೆ ಗಾಬರಿಯಾಯಿತು. ಇಷ್ಟು ಬೆಲೆಯ ವಸ್ತುವನ್ನು ಸಣ್ಣಪುಟ್ಟ ಕೆಲಸಕ್ಕೆ ವ್ಯಯಮಾಡಬಾರದೆಂದು ನಿಶ್ಚಯಿಸಿ, ಕಿರುಪರೀಕ್ಷೆಯ ಪ್ರಶ್ನೆಗಳನ್ನು ಕರಿಹಲಗೆಯ ಮೇಲೆಯೇ ಬರೆಸುತ್ತ ಬಂದೆ. ಮಲೆನಾಡಿನ ಥಂಡಿಗೆ ಕೆಡದಿರಲೆಂದು ಆ ಪೆಟ್ಟಿಗೆಗಳನ್ನು ದಾಸೋಹದ ಅಡುಗೆಮನೆಯ ಅಟ್ಟದ ಮೇಲಿರಿಸಿ ಬೀಗ ಹಾಕಿದೆ. ಬೆಲ್ಲ, ಮೆಣಸು, ಬಿತ್ತನೆಯ ಬೀಜಗಳನ್ನು ನಮ್ಮ ಹಿರಿಯರು ಒಲೆಯ ಮೇಲಿನ ಅಟ್ಟದಲ್ಲಿಟ್ಟು ಕಾಪಾಡುತ್ತಿದ್ದರಲ್ಲವೆ? ಮಸಿಯೂ ಹಾಗೆಯೇ ಉಳಿದೀತೆಂದು ಭಾವಿಸಿದೆ.

ಇದಕ್ಕೆ ನನ್ನ ಹಳೆಯ ಅನುಭವವೂ ಕಾರಣವಾಗಿತ್ತು. ತರುಣನಾಗಿದ್ದಾಗ ಶಾಲೆಯ ಆಮಂತ್ರಣ ಪತ್ರಿಕೆಗಳನ್ನು ಅಚ್ಚು ಹಾಕಿಸಲು ಚಿಕ್ಕಮಗಳೂರಿನ ಮುದ್ರಣಾಲಯವೊಂದಕ್ಕೆ ಹೋಗುತ್ತಿದ್ದೆ. ಅಲ್ಲಿ ಒಮ್ಮೆ ಮೊಳೆ ಜೋಡಿಸುವ ಹಿರಿಯರು ವರ್ಷಗಳಿಂದ ಮೂಲೆಯಲ್ಲಿದ್ದ ಮಸಿಯ ಡಬ್ಬಿಯನ್ನು ತೆರೆದರು. ಮೇಲೆ ತೊಗಲಿನಂಥ ಪೊರೆ ಕಟ್ಟಿತ್ತು. ಅದನ್ನು ಕತ್ತಿಯಿಂದ ಬಿಡಿಸಿ ತೆಗೆದು, “ನೋಡಿ ಮೇಷ್ಟ್ರೇ, ಕೆಳಗಿನದು ಹೊಸದರಂತೆಯೇ ಇದೆ” ಎಂದರು. ಆ ಮಸಿಯಲ್ಲಿ ನೀರಿಲ್ಲ. ಅದು ಕಾಡಿಗೆಯನ್ನು ಕಾಯಿಸಿದ ಅಗಸೆ ಎಣ್ಣೆಯಲ್ಲಿ ಅರೆದು ಮಾಡಿದ್ದು. ಗಾಳಿಯ ಆಮ್ಲಜನಕ ತಗುಲಿದ ಮೇಲ್ಭಾಗ ಗಟ್ಟಿಯಾಗುತ್ತದೆ, ಆ ಪೊರೆಯೇ ಕೆಳಗಿನದನ್ನು ಕಾಯುತ್ತದೆ. ಹೀಗೆ ಒಂದು ಬಗೆಯ ಮಸಿಯ ಗುಣವನ್ನು ನಾನು ಎಲ್ಲ ಮಸಿಗೂ ಅನ್ವಯಿಸಿಕೊಂಡೆ.

2019ರ ಆಗಸ್ಟ್ ತಿಂಗಳ ಮಳೆಯನ್ನು ಮೂಡಿಗೆರೆ, ಕಳಸದ ಸೀಮೆಯವರು ಮರೆಯಲಾರರು. ಗುಡ್ಡಗಳು ಜರಿದವು, ತೋಟಗಳು ಕೊಚ್ಚಿಹೋದವು, ರಸ್ತೆಗಳು ಮುಚ್ಚಿದವು. ರಜೆ ಮುಗಿದು ಶಾಲೆ ತೆರೆದಾಗ, ಹತ್ತನೆಯ ತರಗತಿಯ ಕೆಲವು ಮಕ್ಕಳು ಬರಿಗೈಯಲ್ಲಿ ಬಂದರು. ಮನೆಯೊಳಗೆ ನುಗ್ಗಿದ ಕೆಸರಿನಲ್ಲಿ ಅವರ ಪುಸ್ತಕಗಳೂ ಬರೆದುಕೊಂಡ ಟಿಪ್ಪಣಿಗಳೂ ಹೋಗಿದ್ದವು. ಪಾಠಗಳ ಸಾರಾಂಶವನ್ನು ಮುದ್ರಿಸಿ ಅವರಿಗೆ ಹಂಚೋಣವೆಂದು ಅಧ್ಯಾಪಕರೆಲ್ಲ ಕೂಡಿ ತೀರ್ಮಾನಿಸಿದೆವು. ನಾನು ಹೆಮ್ಮೆಯಿಂದಲೇ ಅಟ್ಟದ ಬೀಗ ತೆಗೆದೆ. ಇಂಥ ದಿನಕ್ಕಾಗಿಯೇ ಅಲ್ಲವೆ ಇಷ್ಟು ಕಾಲ ಕಾಪಾಡಿದ್ದು!

ಹನ್ನೆರಡರಲ್ಲಿ ಒಂಬತ್ತು ಒಂದಕ್ಷರವನ್ನೂ ಮೂಡಿಸಲಿಲ್ಲ. ಉಳಿದ ಮೂರು, ನಡುನಡುವೆ ಬಿಳಿಯ ಗೆರೆಗಳನ್ನು ಬಿಡುತ್ತ, ಕೆಲವು ಹಾಳೆಗಳಾದ ಮೇಲೆ ನಿಂತವು. ಪೆಟ್ಟಿಗೆಯ ಮೇಲಿದ್ದ ಅವಧಿಯ ದಿನಾಂಕವನ್ನು ನಾನು ಅಂದೇ ಮೊದಲು ಓದಿದ್ದು. ಅದು ಎಂದೋ ಕಳೆದಿತ್ತು.

ಕಾರಣ ಸರಳವಾದುದು. ಇಂಕ್‌ಜೆಟ್ ಮಸಿಯ ಬಹುಭಾಗ ನೀರು. ಬಣ್ಣ ಅದರಲ್ಲಿ ಕರಗಿರುತ್ತದೆ, ಇಲ್ಲವೆ ಅತಿ ಸಣ್ಣ ಕಣಗಳಾಗಿ ತೇಲುತ್ತಿರುತ್ತದೆ. ಬೇಗ ಆರದಿರಲೆಂದು ಗ್ಲೈಕಾಲ್‌ನಂಥ ದ್ರವವನ್ನು ಬೆರೆಸಿರುತ್ತಾರೆ. ಅದು ಹೊರಬರುವ ರಂಧ್ರಗಳು ತಲೆಗೂದಲಿಗಿಂತಲೂ ಸೂಕ್ಷ್ಮ. ಮೊಹರು ಒಡೆಯದಿದ್ದರೂ ನೀರು ಪ್ಲಾಸ್ಟಿಕ್ಕಿನ ಮೂಲಕ ಮೆಲ್ಲಮೆಲ್ಲನೆ ಆವಿಯಾಗುತ್ತದೆ. ಕಣಗಳು ತಳಕ್ಕಿಳಿಯುತ್ತವೆ, ರಂಧ್ರಗಳು ಕಟ್ಟಿಕೊಳ್ಳುತ್ತವೆ. ತಂಪಾದ ಸ್ಥಳದಲ್ಲಿಟ್ಟಿದ್ದರೆ ಅವಧಿ ಮೀರಿದ ಮೇಲೂ ಕೆಲವಾದರೂ ಕೆಲಸಕ್ಕೆ ಬರುತ್ತಿದ್ದವು. ನಾನಾದರೋ ಒಲೆಯ ಮೇಲಿಟ್ಟು ಒಣಗಿಸಿದೆ. ಕಾಫಿಯನ್ನು ಶೇಕಡಾ 10–11ರ ತೇವಕ್ಕೆ ಒಣಗಿಸಿದರೆ ಅದು ಉಳಿಯುತ್ತದೆಂದು ಈ ಸೀಮೆಯ ಮಕ್ಕಳೂ ಬಲ್ಲರು. ಕಾಫಿಯನ್ನು ಉಳಿಸುವ ಆ ಒಣಗುವಿಕೆಯೇ ಈ ಮಸಿಗೆ ಮೃತ್ಯು ಎಂಬುದು ವಿಜ್ಞಾನದ ಅಧ್ಯಾಪಕನಾದ ನನಗೆ ಹೊಳೆಯಲಿಲ್ಲ.

ಕೊನೆಗೆ ಆ ಸಾರಾಂಶಗಳನ್ನು ಒಂಬತ್ತನೆಯ ತರಗತಿಯ ಮಕ್ಕಳು ಸಂಜೆ ಪ್ರಾರ್ಥನೆಯಾದ ಮೇಲೆ ಕುಳಿತು ಕೈಯಿಂದಲೇ ಪ್ರತಿಮಾಡಿದರು. ಮಳೆಗೆ ವಿದ್ಯುತ್ತಿಲ್ಲದ ರಾತ್ರಿಗಳಲ್ಲಿ ಮೇಣದ ಬತ್ತಿಯ ಬೆಳಕಿನಲ್ಲಿ ಬರೆದರು. ನಾನೂ ಅವರೊಡನೆ ಕುಳಿತು ಬರೆದೆ. ಮುಂದಿನ ವಾರ್ಷಿಕೋತ್ಸವಕ್ಕೆ ಬಂದ ಆ ದಾನಿಗಳು ನಮಸ್ಕರಿಸಿ, “ಮೇಷ್ಟ್ರೇ, ಇದುವರೆಗೆ ಎಷ್ಟು ಹಾಳೆ ಅಚ್ಚಾದವು?” ಎಂದು ಸಹಜವಾಗಿ ಕೇಳಿದರು. ನಾನು ತಲೆ ತಗ್ಗಿಸಿದೆ.

ಅಂದಿನಿಂದ ನನಗೆ ಫ. ಗು. ಹಳಕಟ್ಟಿಯವರ ನೆನಪು ಮತ್ತೆ ಮತ್ತೆ ಬರುತ್ತದೆ. ತಾಳೆಗರಿಯ ಕಟ್ಟುಗಳಲ್ಲಿ ಅಡಗಿದ್ದ ವಚನಗಳನ್ನು ಹುಡುಕಿ ತಂದ ಅವರು, ಅವುಗಳನ್ನು ಅಚ್ಚಿಗೆ ತರಲು ವಿಜಯಪುರದಲ್ಲಿ 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಆರಂಭಿಸಿದರು; ಮರುವರ್ಷ ‘ಶಿವಾನುಭವ’ ಪತ್ರಿಕೆಯನ್ನು ಹೊರಡಿಸಿದರು. ತಮ್ಮಲ್ಲಿದ್ದುದನ್ನೆಲ್ಲ ಆ ಕಾರ್ಯಕ್ಕೆ ಸುರಿದರು. ಗರಿಯ ಮೇಲೆ ಕಂಟದಿಂದ ಕೊರೆದು ಕಾಡಿಗೆ ತುಂಬಿದ ಅಕ್ಷರ ಶತಮಾನಗಳ ನಂತರವೂ ಓದಲು ಬರುತ್ತದೆ. ಆ ಕಾಡಿಗೆ ಅಂದು ಕರಡಿಗೆಯಲ್ಲೇ ಉಳಿದಿದ್ದರೆ ಇಂದು ನಮಗೆ ದೊರೆಯುತ್ತಿದ್ದುದೇನು?

ಈಗ ನಮ್ಮ ಉಗ್ರಾಣದಲ್ಲಿ ಮಸಿಯ ಪ್ರತಿಯೊಂದು ಪೆಟ್ಟಿಗೆಯ ಮೇಲೂ ಬಂದ ದಿನಾಂಕವನ್ನು ಬರೆಯುತ್ತೇವೆ. ಮೊದಲು ಬಂದುದನ್ನು ಮೊದಲು ಬಳಸುತ್ತೇವೆ. ಯಂತ್ರದಿಂದ ವಾರಕ್ಕೊಂದು ಹಾಳೆಯನ್ನಾದರೂ ತೆಗೆಯುತ್ತೇವೆ. ಹೆಚ್ಚು ಕಾಲ ಇಡಬೇಕಾದೆಡೆ ಲೇಸರ್ ಯಂತ್ರದ ಟೋನರ್ ಮೇಲು. ಅದು ಪುಡಿಯಾದ್ದರಿಂದ ಆರಿಹೋಗುವ ಭಯವಿಲ್ಲ, ತೇವ ತಗುಲದಂತೆ ನೋಡಿಕೊಂಡರೆ ಸಾಕು. ದಾನಿಗಳಲ್ಲಿ ನನ್ನದೊಂದು ವಿನಂತಿ. ಒಮ್ಮೆಲೇ ಹನ್ನೆರಡು ಕೊಡುವ ಬದಲು ವರ್ಷಕ್ಕೆ ಮೂರರಂತೆ ಕೊಡಿರಿ. ಕೊಟ್ಟ ಮೇಲೆ, ಎಷ್ಟು ಹಾಳೆ ಅಚ್ಚಾದವೆಂದು ತಪ್ಪದೆ ಕೇಳಿರಿ. ಅದಕ್ಕೆ ಉತ್ತರ ಕೊಡುವುದು ನಮ್ಮ ಕಾಯಕ.