ಹಸಿರು ಟರ್ಮಿನಲ್‌ನಿಂದ ಅಳದಂಗಡಿಗೆ

ಬೆಂಗಳೂರಿನಲ್ಲಿ ಮಂಡಿನೋವಿನ ಡಾಕ್ಟರರನ್ನು ನೋಡಿಯಾಗಿತ್ತು. ಮಾವನನ್ನು ಊರಿಗೆ ವಿಮಾನದಲ್ಲೇ ಕರೆದೊಯ್ಯುವುದೆಂದು ಟಿಕೆಟ್ ಮಾಡಿಸಿದವನು ನಾನು. ಮೆಜೆಸ್ಟಿಕ್ಕಿನಿಂದ ವಾಯುವಜ್ರದಲ್ಲಿ ದೇವನಹಳ್ಳಿ ಕಡೆ ಹೊರಟರೆ ಹೆಬ್ಬಾಳ ದಾಟುವಷ್ಟರಲ್ಲೇ ಅವರ ಗೊಣಗಾಟ ಶುರು: "ವಿಮಾನ ಹತ್ತಲಿಕ್ಕೇ ಇಷ್ಟು ದೂರ ಹೋಗಬೇಕಾ ಮಾರಾಯ?"

ಕೆಂಪೇಗೌಡ ವಿಮಾನ ನಿಲ್ದಾಣದ ಎರಡನೇ ಟರ್ಮಿನಲ್ ಹೊಕ್ಕ ಮೇಲೆ ಗೊಣಗಾಟ ನಿಂತಿತು. ತಲೆಯ ಮೇಲೆಲ್ಲ ಬಿದಿರಿನ ಜಾಲರಿ, ಅದರಿಂದ ಇಳಿಬಿಟ್ಟ ಗಿಡಗಳು. ಮಾವ ಕತ್ತೆತ್ತಿ ನೋಡಿಯೇ ನೋಡಿದರು. "ಅಮಾವಾಸ್ಯೆಗೆ ಕಡಿದ ಬಿದಿರಾ ಇದು? ಇಲ್ಲದಿದ್ದರೆ ಕುಟ್ಟೆ ಕೊರೆಯದೆ ಬಿಟ್ಟೀತಾ?" ಬಿದಿರನ್ನು ಸೀಳಿ, ಸಂಸ್ಕರಿಸಿ, ಒತ್ತಿ ಮಾಡಿದ ಪಟ್ಟಿಗಳು, ಭಾರ ಹೊರುವುದು ಉಕ್ಕು ಎಂದೆ. "ಹಾಗಾದರೆ ಬಿದಿರು ಚಂದಕ್ಕೆ" ಎಂದು ತೀರ್ಪಿತ್ತರು.

ಬರೀ ಚಂದಕ್ಕಲ್ಲ ಎನ್ನಬೇಕು. 2022ರ ನವೆಂಬರಿನಲ್ಲಿ ಉದ್ಘಾಟನೆಯಾದ, 2,55,000 ಚದರ ಮೀಟರಿನ ಈ ಕಟ್ಟಡಕ್ಕೆ ಬಳಕೆಗೆ ತೆರೆಯುವ ಮೊದಲೇ ಅಮೆರಿಕದ ಹಸಿರು ಕಟ್ಟಡ ಮಂಡಳಿಯ ಪ್ಲಾಟಿನಂ ಪೂರ್ವಮಾನ್ಯತೆ ಸಿಕ್ಕಿತ್ತು. ಮಳೆನೀರು ಹಿಡಿದು ಗಿಡಗಳಿಗೆ ಉಣಿಸುತ್ತಾರೆ. ವರ್ಷಕ್ಕೆ ಸಾವಿರ ಮಿಲಿಮೀಟರ್ ಮಳೆಯೂ ಗಟ್ಟಿಯಿಲ್ಲದ ಊರಲ್ಲಿ ಅದು ಸಣ್ಣ ಮಾತಲ್ಲ. ಅದರ ನಾಲ್ಕು ಪಟ್ಟು ಸುರಿಸಿಕೊಂಡು ಏಪ್ರಿಲಿನಲ್ಲಿ ಟ್ಯಾಂಕರಿಗೆ ಫೋನ್ ಮಾಡುವ ಕರಾವಳಿಯವರು ನಾವು ನಗುವ ಹಾಗೆಯೇ ಇಲ್ಲ.

ನನ್ನ ತಕರಾರು ಬೇರೆಯದು. ನಿಲ್ದಾಣದ ಹಸಿರು ಲೆಕ್ಕದಲ್ಲಿ ಕಟ್ಟಡ, ಕರೆಂಟು, ನೀರು ಎಲ್ಲ ಇವೆ. ವಿಮಾನ ಮೇಲೇರಿದ ನಂತರದ ಹೊಗೆ ಮಾತ್ರ ವಿಮಾನ ಕಂಪನಿಯ ಖಾತೆಗೆ. ಒಂದು ಕಿಲೋ ಇಂಧನ ಉರಿದರೆ ಗಾಳಿಯ ಆಮ್ಲಜನಕವೂ ಸೇರಿ ಮೂರು ಕಿಲೋಗೂ ಮಿಕ್ಕಿ ಇಂಗಾಲದ ಡೈಆಕ್ಸೈಡ್ ಏಳುತ್ತದೆ. ಕೊಚ್ಚಿ ನಿಲ್ದಾಣ 2015ರಲ್ಲೇ ಪೂರ್ತಿ ಸೌರವಿದ್ಯುತ್ತಿಗೆ ಹೊರಳಿತು. ಅಲ್ಲಿಂದ ಏಳುವ ವಿಮಾನಗಳ ಹೊಟ್ಟೆಯಲ್ಲೂ ಇದೇ ಎಣ್ಣೆ.

ಘಟ್ಟದ ಮೇಲೆ ಮೋಡ ದಟ್ಟವಾಗಿತ್ತು. ಅಳದಂಗಡಿಯ ಆಸುಪಾಸಿನಲ್ಲೇ ಎಲ್ಲೋ ಹಾರಿ, ಬಜ್ಪೆಯ ಗುಡ್ಡದ ತಲೆ ಮೇಲಿನ ರನ್‌ವೇಯಲ್ಲಿ ಇಳಿದೆವು. ಅಲ್ಲಿಂದ ಬಾಡಿಗೆ ಕಾರಿನಲ್ಲಿ ಮತ್ತೆ ಮೂಡಣಕ್ಕೇ. ಕೈಕಂಬ, ಮೂಡುಬಿದಿರೆ, ವೇಣೂರು ಎಂದು ಸುಮಾರು 50 ಕಿ.ಮೀ. ಹಿಂದಕ್ಕೆ ಬರಬೇಕು. ವೇಣೂರಿನಲ್ಲಿ ಫಲ್ಗುಣಿ ಕೆಂಪಗೆ ತುಂಬಿ ಹರಿಯುತ್ತಿದ್ದಳು. ಬಜ್ಪೆ ಗುಡ್ಡದ ಬುಡದಲ್ಲಿ ಸಾಗುವವಳೂ ಇವಳೇ.

ಬೆಂಗಳೂರಿನ ಬಸ್ಸು, ವಿಮಾನ, ಕಾರು ಎಲ್ಲ ಸೇರಿಸಿ ಮಾವ ಬೆರಳು ಮಡಚಿ ಗಂಟೆ ಎಣಿಸಿದರು. ಧರ್ಮಸ್ಥಳದ ರಾತ್ರಿ ಬಸ್ಸಿಗೂ ಇದಕ್ಕೂ ಅವರ ಲೆಕ್ಕದಲ್ಲಿ ಅಂಥ ವ್ಯತ್ಯಾಸ ಸಿಗಲಿಲ್ಲ. "ಸ್ಲೀಪರಿನಲ್ಲಿ ಕೆಳಗಿನ ಸೀಟು ಸಿಕ್ಕಿದರೆ ಮುಂದಿನ ತಿಂಗಳು ಅದರಲ್ಲೇ ಹೋಗುವ" ಎಂದರು. ಡಾಕ್ಟರರು ಮತ್ತೆ ಬರಹೇಳಿದ್ದರಲ್ಲ.