ಆರು ರನ್ನಿನ ದೂರ

ಸೋಲಿನಲ್ಲಿ ಎರಡು ಬಗೆ. ಮೊದಲ ದಿನವೇ ಗೊತ್ತಾಗಿಬಿಡುವ ಸೋಲು ಒಂದು. ಅದರಿಂದ ಯಾರ ಊಟ ನಿದ್ದೆಯೂ ಕೆಡುವುದಿಲ್ಲ. ಗೆದ್ದೇಬಿಟ್ಟೆವು ಎನ್ನುವಾಗ ಕೈಜಾರುವುದು ಇನ್ನೊಂದು. ಅದು ವರುಷಗಟ್ಟಲೆ ಕಾಡುತ್ತದೆ. ಕರ್ನಾಟಕದ ಕ್ರಿಕೆಟ್ ತಂಡ ಈ ಎರಡನೆಯ ಬಗೆಯದನ್ನು ನಮಗೆ ಧಾರಾಳವಾಗಿಯೇ ಉಣಬಡಿಸಿದೆ. ಮುಂಬಯಿಯ ಮಗ್ಗುಲಲ್ಲಿ ಬದುಕು ಕಟ್ಟಿಕೊಂಡ ನಮ್ಮಂಥವರಿಗೆ ಅದರ ಖಾರ ಸ್ವಲ್ಪ ಹೆಚ್ಚು.

ಹಿರಿಯರು ಇಂದಿಗೂ ನೆನೆಯುವುದು 1981-82ರ ರಣಜಿ ಫೈನಲನ್ನು. ದಿಲ್ಲಿಯ ಕೋಟ್ಲಾ ಮೈದಾನದಲ್ಲಿ ಕರ್ನಾಟಕ 705 ರನ್ನು ಪೇರಿಸಿತು. ಇನ್ನೇನು ಬೇಕು ಹೇಳಿ! ದಿಲ್ಲಿ 8 ವಿಕೆಟಿಗೆ 707 ಮಾಡಿತು. ಪಂದ್ಯ ಪೂರ್ತಿ ಇತ್ಯರ್ಥವಾಗದಿದ್ದರೆ ಮೊದಲ ಇನ್ನಿಂಗ್ಸಿನಲ್ಲಿ ಮುಂದಿದ್ದವರೇ ಗೆದ್ದಂತೆ ಎಂಬುದು ರಣಜಿಯ ಕಟ್ಟಳೆ. ಒಂಬತ್ತನೆಯ ವಿಕೆಟಿಗೆ ಜೊತೆಯಾದ ರಾಕೇಶ್ ಶುಕ್ಲಾ, ರಾಜೇಶ್ ಪೀಟರ್ ಔಟಾಗಲೇ ಇಲ್ಲ. ಮರುವರ್ಷ ಅದೇ ಕಟ್ಟಳೆ ನಮ್ಮ ಕೈಹಿಡಿಯಿತು. ವಾಂಖೆಡೆಯಲ್ಲಿ ಮುಂಬಯಿಯ 534ಕ್ಕೆ ಕರ್ನಾಟಕ 541. ಆಗ ಈ ಊರಿನ ಕನ್ನಡಿಗರು ಒಂದು ವಾರ ಎದೆಯುಬ್ಬಿಸಿ ಲೋಕಲ್ ಗಾಡಿ ಹತ್ತಿದರೆಂದು ಕೇಳಿದ್ದೇವೆ.

ನಮ್ಮ ಪಾಲಿಗೆ ಬಂದದ್ದು 2010ರ ಜನವರಿ.

ಆಗ ನಮ್ಮ ಕೆಲಸ ಮಹಾಪೆಯ ಎಂಐಡಿಸಿಯಲ್ಲಿ. ಠಾಣೆ-ಬೇಲಾಪುರ ರಸ್ತೆಯಿಂದ ಶೀಳ್ ಫಾಟಾದ ಕಡೆಗೆ ಹೊರಳಿದರೆ ಗುಡ್ಡದ ಬುಡದವರೆಗೆ ಕಾರ್ಖಾನೆಗಳು, ನಡುವೆ ಗಾಜಿನ ಕಚೇರಿಗಳು. ಮೈಸೂರಿನ ಗಂಗೋತ್ರಿ ಮೈದಾನದಲ್ಲಿ ಕರ್ನಾಟಕಕ್ಕೂ ಮುಂಬಯಿಗೂ ಫೈನಲು. ತವರುಮನೆಗೂ ಅತ್ತೆಮನೆಗೂ ವ್ಯಾಜ್ಯ ಬಿದ್ದಾಗ ಹೆಣ್ಣುಮಗಳ ಪಾಡು ಏನೋ ಅದೇ ನಮ್ಮ ಪಾಡು. ಅನ್ನ ಕೊಟ್ಟ ಊರು ಒಂದು ಕಡೆ, ಹೆತ್ತ ನಾಡು ಇನ್ನೊಂದು ಕಡೆ. ಮನಸ್ಸು ಯಾವ ಕಡೆಗಿತ್ತು ಎಂಬುದನ್ನು ಮಾತ್ರ ಬಿಡಿಸಿ ಹೇಳಬೇಕಾಗಿಲ್ಲ.

ಮುಂಬಯಿ 233, ಕರ್ನಾಟಕ 130. ಎರಡನೆಯ ಸರದಿಯಲ್ಲಿ ಮಿಥುನ್ ಆರು ವಿಕೆಟ್ ಕಿತ್ತರೂ ಧವಳ್ ಕುಲಕರ್ಣಿ ಎಂಬ ಬೌಲರು 87 ಹೊಡೆದು ಮುಂಬಯಿಯನ್ನು 234ಕ್ಕೆ ಎಳೆದು ತಂದರು. ಗೆಲ್ಲಲು 338 ಬೇಕು. ಮೂರು ವಿಕೆಟ್ ಬೇಗನೆ ಬಿದ್ದಾಗ ನಾವು ಆಸೆ ಬಿಟ್ಟಿದ್ದೆವು. ಆಮೇಲೆ ಮನೀಶ್ ಪಾಂಡೆ ಮತ್ತು ಗಣೇಶ್ ಸತೀಶ್ ಕೂಡಿ ಇನ್ನೂರಕ್ಕೂ ಮಿಕ್ಕಿ ರನ್ನು ಸೇರಿಸಿದರು. ಜನವರಿ 14, ಸಂಕ್ರಾಂತಿಯ ದಿನ. ಮೈಸೂರಿನಲ್ಲಿ ಮೈದಾನ ತುಂಬಿ ಮರಗಳ ಮೇಲೂ ಜನ. ಮಹಾಪೆಯಲ್ಲಿ ನಾವು ಕೆಲಸದ ಕಾಗದಗಳನ್ನು ಮುಂದಿಟ್ಟುಕೊಂಡು ಕಂಪ್ಯೂಟರಿನ ಮೂಲೆಯಲ್ಲಿ ಸ್ಕೋರು ನೋಡುತ್ತ ಕೂತಿದ್ದೆವು. ಸತೀಶ್ 75, ಪಾಂಡೆ 144. ಅವರು ಹೋದಮೇಲೆ ಅಗರ್ಕರ್ ಒಬ್ಬೊಬ್ಬರನ್ನೇ ಕಿತ್ತರು. ಅವರಿಗೂ ಐದು ವಿಕೆಟು. 331ಕ್ಕೆ ಎಲ್ಲರೂ ಔಟು. ಆರು ರನ್ನು! ಒಂದು ಹೊಡೆತದ ಮಾತು. ಮುಂಬಯಿಗೆ 39ನೆಯ ರಣಜಿ ಗೆಲುವು.

ಕೊನೆಗೆ ಕೈಕಾಲು ನಡುಗಿತು, ಮುಂಬಯಿಯವರ ಹಾಗೆ ‘ಖಡೂಸ್’ತನ ನಮ್ಮವರಲ್ಲಿಲ್ಲ ಎಂದು ಅಂದು ಹಲವರು ಆಡಿಕೊಂಡರು. ನಮಗೆ ಇದು ಒಪ್ಪುವ ಮಾತಲ್ಲ. ನಾಲ್ಕನೆಯ ಇನ್ನಿಂಗ್ಸಿನಲ್ಲಿ 331 ಹೊಡೆದವರಿಗೆ ಎದೆಗಾರಿಕೆ ಇಲ್ಲವೆಂದರೆ ಮತ್ತೆ ಯಾರಿಗಿದೆ? ಪಂದ್ಯ ಹೋದದ್ದು ಆ 130ರಲ್ಲಿ. ಅಲ್ಲಿ 103 ರನ್ನು ಹಿಂದೆ ಬಿದ್ದರು. ಅದರಲ್ಲಿ ಏಳನ್ನು ಉಳಿಸಿಕೊಂಡಿದ್ದರೆ ಸಾಕಿತ್ತು. ಕೊನೆಯ ಗಳಿಗೆಯ ಸೋಲು ಎಲ್ಲರ ಕಣ್ಣಿಗೆ ಬೀಳುತ್ತದೆ. ಎರಡನೆಯ ದಿನ ಸೋರಿಹೋದ ರನ್ನನ್ನು ಯಾರೂ ಎಣಿಸುವುದಿಲ್ಲ. ಖಡೂಸರೂ ಇದಕ್ಕೆ ಹೊರತಲ್ಲ. 1991ರಲ್ಲಿ ತಮ್ಮದೇ ವಾಂಖೆಡೆಯಲ್ಲಿ ಹರಿಯಾಣಾದ ಎದುರು ಎರಡೇ ರನ್ನಿನಿಂದ ಸೋತಾಗ, 139 ಹೊಡೆದು ಔಟಾಗದೆ ನಿಂತಿದ್ದ ವೆಂಗಸರ್ಕಾರರು ಕಣ್ಣೀರು ಹಾಕಿದ್ದರು.

ಆ ದಿನ ಪಂದ್ಯಕ್ಕಿಂತ ಹೆಚ್ಚಾಗಿ ನಮ್ಮನ್ನು ಕಾಡಿದ್ದು ಬೇರೆಯೇ. ಸಂಜೆ ನಮ್ಮ ಪಕ್ಕದ ಮೇಜಿನ ಮರಾಠಿ ಮಿತ್ರರು ತಿಳ್‌ಗೂಳಿನ ಡಬ್ಬಿ ಹಿಡಿದು ಬಂದರು. ಹಬ್ಬಕ್ಕೆ ತಕ್ಕಂತೆ ಸಿಹಿ ಮಾತನ್ನೇ ಆಡಿದರು: “ತುಮ್ಚೀ ಪೋರಂ ಚಾಂಗ್ಲೀ ಖೇಳ್ಲೀ.” ನಿಮ್ಮ ಹುಡುಗರು ಚೆನ್ನಾಗಿ ಆಡಿದರು ಅಂತ. ಅವರ ಮನಸ್ಸಿನಲ್ಲಿ ಕಲ್ಮಶವಿರಲಿಲ್ಲ. ಆದರೂ ಆ ‘ನಿಮ್ಮ’ ಎಂಬುದು ಎಳ್ಳಿನ ಜೊತೆ ಹಲ್ಲಿನ ಸಂದಿಗೆ ಸಿಕ್ಕಿಕೊಂಡಿತು. ಇಷ್ಟು ವರ್ಷ ಒಂದೇ ಬಸ್ಸಿನಲ್ಲಿ ಓಡಾಡಿದ ಮೇಲೂ ನಾವು ‘ನಿಮ್ಮವರು’. ಮನೆಗೆ ಬಂದರೆ ಬಾಗಿಲಲ್ಲೇ ಮಗ ಕುಣಿಯುತ್ತಿದ್ದ: “ಅಪ್ಪಾ, ನಾವು ಗೆದ್ವಿ!” ಅವನ ‘ನಾವು’ ಮುಂಬಯಿ. ಇಲ್ಲೇ ಹುಟ್ಟಿದವನು, ಇಲ್ಲಿಯ ಮೈದಾನದ ಮಣ್ಣು ಮೆತ್ತಿಕೊಂಡು ಬೆಳೆದವನು, ಅವನಿಗೇನು ಹೇಳುವುದು? ಅಂದು ಕರ್ನಾಟಕಕ್ಕಾಗಿ 144 ಹೊಡೆದ ಪಾಂಡೆಯೂ ಹುಟ್ಟಿದ್ದು ನೈನಿತಾಲಿನಲ್ಲಿ. ಅವರ ಮನೆಯಲ್ಲಿ ‘ನಾವು’ ಅಂದರೆ ಯಾರೋ! ಅವನ ತಾಯಿ ಎಳ್ಳುಬೆಲ್ಲದ ತಟ್ಟೆ ನಡುವೆ ಇಟ್ಟು, “ಮೊದಲು ಇದನ್ನ ತಿನ್ರಿ, ಆಮ್ಯಾಲೆ ಜಗಳಾಡ್ರಿ” ಅಂದಳು.

ಸೇಡು ತೀರಿದ್ದು 2015ರಲ್ಲಿ. ಬೆಂಗಳೂರಿನ ಸೆಮಿಫೈನಲಿನಲ್ಲಿ ದಾವಣಗೆರೆಯ ವಿನಯ್ ಕುಮಾರ್ 20 ರನ್ನಿಗೆ ಆರು ವಿಕೆಟ್ ಕಿತ್ತು ಮುಂಬಯಿಯನ್ನು 44ಕ್ಕೆ ಮುಗಿಸಿದರು. ಫೈನಲು ನಮ್ಮ ವಾಂಖೆಡೆಯಲ್ಲೇ, ತಮಿಳುನಾಡಿನ ಎದುರು. ಮಾರ್ಚ್ 8, ಭಾನುವಾರ; ವಾಶಿಯಲ್ಲಿ ಗಾಡಿ ಬದಲಿಸಿ, ಮೆಗಾಬ್ಲಾಕಿನ ಗೋಳು ದಾಟಿ ನಾವು ತಂದೆ-ಮಕ್ಕಳು ಹೋದೆವು. ತಮಿಳುನಾಡು ಅಂದೇ 134ಕ್ಕೆ ಔಟು, ವಿನಯರಿಗೆ ಮತ್ತೆ ಐದು. ಮುಂದೆ ಕರುಣ್ ನಾಯರ್ 328 ಹೊಡೆದು, ಕರ್ನಾಟಕ ಇನ್ನಿಂಗ್ಸ್ ಮತ್ತು 217 ರನ್ನಿನಿಂದ ಗೆದ್ದಿತು. ಇಷ್ಟು ದೊಡ್ಡ ಗೆಲುವಿನಲ್ಲಿ ಸ್ವಾರಸ್ಯ ಕಡಿಮೆ ಎಂಬುದನ್ನೂ ಒಪ್ಪಬೇಕು. ಆ ಆರು ರನ್ನಿನ ಬಗೆಗೆ ಆಡಿದಷ್ಟು ಮಾತು ಇದರ ಬಗೆಗೆ ನಮ್ಮ ಮನೆಯಲ್ಲಿ ಆಡಿಲ್ಲ.

ಅಂದು ವಿನಯರ ಒಂದೊಂದು ವಿಕೆಟಿಗೂ ಮಗ ನಮಗಿಂತ ಮುಂಚೆ ಎದ್ದು ನಿಂತು ಕೂಗುತ್ತಿದ್ದ. ನಾವು ಏನೂ ಕೇಳಲಿಲ್ಲ. ಅವನೇ ತಿರುಗಿ, “ಅಪ್ಪಾ, ಆ ನಲವತ್ನಾಲ್ಕರ ಸುದ್ದಿ ಮಾತ್ರ ತೆಗೀಬ್ಯಾಡ್ರಿ” ಅಂದ.